ಜೀವಂತ ತಲೆ

ಬೆಳಿಗ್ಗೆ ಹನ್ನೊಂದಕ್ಕೆ ಮೂವರು ಮೆಟ್ಟಿಲು ಹತ್ತಿ ಬಂದು ತರಬೇತಿ ಕೇಂದ್ರದ ಬಾಗಿಲಲ್ಲಿ ನಿಂತರು. ಒಬ್ಬ ಗಂಡಸು, ಒಬ್ಬ ಮುದುಕಿ, ಅವರ ನಡುವೆ ಒಬ್ಬ ತರುಣಿ. ತರುಣಿಯ ಸೆರಗು ಮೂಗಿನವರೆಗೆ ಇಳಿದಿತ್ತು.

"ಹೆಣ್ಮಕ್ಕಳ ಕೂದಲ ತೆಗಿಯೋದು ಇಲ್ಲೇ ಏನ್ರಿ?" ಮುದುಕಿ ಕೇಳಿದಳು.

ಸುಭದ್ರಾ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಕೇಂದ್ರ ತೆರೆದು ನಾಲ್ಕು ತಿಂಗಳಾಗಿತ್ತು. ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಎಂಬತ್ತೊಂಬತ್ತರ ಮಾರ್ಚ್ ತಿಂಗಳ ಒಂದು ಗುರುವಾರ. ಆಳಂದದ ಬಸ್ ನಿಲ್ದಾಣದ ಎದುರು ತೊಗರಿ ಅಡತಿ ಅಂಗಡಿ, ಅದರ ಮೇಲಿನ ಕೋಣೆಯೇ ಕೇಂದ್ರ. ಕೆಳಗೆ ತೊಗರಿ ಜರಡಿ ಹಿಡಿದಾಗಲೆಲ್ಲ ಹೊಟ್ಟಿನ ಧೂಳು ಮೇಲೇರಿ ಕನ್ನಡಿಯ ಮೇಲೆ ಕೂರುತ್ತಿತ್ತು. ಐದು ಹುಡುಗಿಯರಿಗೆ ಕೂದಲು ಕತ್ತರಿಸುವ ವಿದ್ಯೆ ಕಲಿಸಲು ಒಂದು ಮಹಿಳಾ ಸಂಘ ಸುಭದ್ರಾಳನ್ನು ನೇಮಿಸಿತ್ತು. ಅವಳು ಬಿ.ಎ. ಓದಿ, ಸೊಲ್ಲಾಪುರದಲ್ಲಿ ಡಿಪ್ಲೊಮಾ ಮಾಡಿ ಬಂದವಳು. ವಿದ್ಯೆ ಇತ್ತು, ಕತ್ತರಿ ಇತ್ತು. ತಲೆ ಮಾತ್ರ ಇರಲಿಲ್ಲ.

ಈ ಸೀಮೆಯಲ್ಲಿ ಹೆಂಗಸಿನ ಕೂದಲಿಗೆ ಕತ್ತರಿ ಬೀಳುವುದು ಹರಕೆ ಹೊತ್ತಾಗ, ಇಲ್ಲವೇ ಕೇಡು ಬಂದಾಗ. ಹುಡುಗಿಯರು ಕಟ್ಟಿಗೆಯ ಗೊಂಬೆತಲೆಗೆ ಅಂಟಿಸಿದ ಕರಿ ಉಣ್ಣೆಯ ಮೇಲೆ ಕಲಿಯುತ್ತಿದ್ದರು. ಸೋಮವಾರ ಗುಲ್ಬರ್ಗದಿಂದ ಪರೀಕ್ಷಕಿ ಬರುವವರಿದ್ದರು. ಗೊಂಬೆ ನಡೆಯದು, ಜೀವಂತ ತಲೆಯೇ ಆಗಬೇಕು, ಇಲ್ಲದಿದ್ದರೆ ಕೇಂದ್ರ ಮುಚ್ಚುತ್ತದೆ ಎಂದು ಸಂಘದವರು ತಿಳಿಸಿದ್ದರು. ಮುಚ್ಚಿದರೆ ಸುಭದ್ರಾ ಅಫಜಲಪುರಕ್ಕೆ, ಅಣ್ಣನ ಮನೆಗೆ ಮರಳಬೇಕು. ಅಲ್ಲಿ ಅವಳಿಗೆಂದು ಒಂದು ಮೂಲೆಯಿತ್ತು. ಅದು ಅಡುಗೆಮನೆಯ ಮೂಲೆ.

"ಇಲ್ಲೇ. ಬರ್ರಿ, ಒಳಗ ಬರ್ರಿ. ಯಾರದು?"

"ನಮ್ಮ ಸೊಸಿದು. ಸಾಬವ್ವ ಅಂತ." ಮುದುಕಿ ತರುಣಿಯ ಮೊಣಕೈ ಹಿಡಿದು ಕುರ್ಚಿಯ ತನಕ ನಡೆಸಿದಳು. "ಹೇನ ಭಾಳ ಆಗ್ಯಾವ್ರಿ."

"ಊರಾಗ ಹಡಪದವ ಇಲ್ಲೇನ್ರಿ?" ಕ್ಲಿಪ್ಪಿನ ಡಬ್ಬಿ ಹಿಡಿದಿದ್ದ ನಜಮುನ್ನಿಸಾ ಕೇಳಿದಳು. ಐವರಲ್ಲಿ ಅವಳ ಬಾಯಿ ದೊಡ್ಡದು.

"ಅದಾನ." ಉತ್ತರ ಬಂದದ್ದು ಬಾಗಿಲಿಗೆ ಒರಗಿದ್ದ ಗಂಡಸಿನಿಂದ. ಅವನು ಸಾಬವ್ವನ ಮೈದುನ, ದತ್ತಪ್ಪ. "ಗಂಡ ಇದ್ದಾಕಿ ತಲಿಗೆ ಕತ್ರಿ ಹಚ್ಚಂಗಿಲ್ಲ ಅಂತಾನ. ನಿಜಾಮನ ಕಾಲದಾಗೇ ಕುಂತಾನ ಮಗ." ತನ್ನ ಮಾತಿಗೆ ತಾನೇ ನಕ್ಕ. "ನೀವು ಕಲ್ತವರು, ನಿಮಗೇನ್ ತ್ರಾಸ ಇಲ್ಲಲ್ರಿ?"

ಕಲ್ತವರು ಎಂಬ ಮಾತು ಸುಭದ್ರಾಳಿಗೆ ಹಿತವೆನಿಸಿತು. ಆ ಹಿತದಲ್ಲೇ ಮುದುಕಿಗೆ ಹೇಳಿದಳು, "ಸೋಮವಾರ ನಮ್ಮ ಪರೀಕ್ಷಾ ಅದ. ನಿಮ್ಮೂರಾಗ ಮತ್ತ ಯಾರರ ಇದ್ರ ಕಳಸ್ರಿ."

ಮುದುಕಿ, ಮಲ್ಕಮ್ಮ, ಅವಳನ್ನು ಅಡಿಯಿಂದ ಮುಡಿಯತನಕ ನೋಡಿದಳು. ಮೊದಲ ಬಾರಿಗೆ ಅವಳ ಹಲ್ಲು ಕಂಡವು.

"ಅದಾರಲ್ರಿ. ನಮ್ಮೂರಾಗ ಸೊಸ್ತೇರಿಗೇನ್ ಬರಗಾಲ?"

ಸೆರಗು ಸರಿಸಿದಾಗ ಹುಡುಗಿಯರೆಲ್ಲ ಹತ್ತಿರ ಬಂದರು. ಜಡೆ ಕುರ್ಚಿಯ ಅಂಚು ದಾಟಿ ತೂಗುತ್ತಿತ್ತು. ಸುಭದ್ರಾ ಅದನ್ನು ಬಿಚ್ಚಿ ಬಾಚಿದಳು. ಕುಸುಬಿ ಎಣ್ಣೆಯ ವಾಸನೆ. ಯಾರೋ ಆಸ್ಥೆಯಿಂದ ಬೆಳೆಸಿದ ಕೂದಲು. ಹಣಿಗೆ ಬುಡದಿಂದ ತುದಿಯವರೆಗೆ ಸಲೀಸಾಗಿ ಇಳಿಯಿತು. ಒಂದು ಹೇನೂ ಇರಲಿಲ್ಲ.

ಹಾಗೆಂದು ಹೇಳಲು ಅವಳು ಬಾಯಿ ತೆರೆದಳು. ಹೇಳಿದ್ದು ಬೇರೆ.

"ನೋಡ್ರಿ ಇಲ್ಲಿ. ಹಣಿ ನಡುವಿನಿಂದ ಕುತ್ತಿಗಿ ತನಕ ಒಂದು ಬೈತಲಿ. ಈ ಕಿವಿಯಿಂದ ಆ ಕಿವಿಗೆ ಇನ್ನೊಂದು. ನಾಲ್ಕು ಸೆಕ್ಷನ್ ಆದ್ವು. ಒಂದೊಂದಕ್ಕ ಕ್ಲಿಪ್."

ಬಲಗಿವಿಯ ಹಿಂದೆ ಹಣಿಗೆ ತಡೆಯಿತು. ಅಲ್ಲಿ ಎಂಟಾಣೆಯಗಲ ಕೂದಲಿರಲಿಲ್ಲ. ಚರ್ಮದ ಮೇಲೆ ರಕ್ತ ಒಣಗಿ ಹೆಪ್ಪುಗಟ್ಟಿತ್ತು. ಕೂದಲನ್ನು ಕತ್ತರಿಸಿದ್ದಲ್ಲ, ಹಿಡಿದು ಕಿತ್ತದ್ದು. ಸಾಬವ್ವನ ಭುಜ ಮೇಲೆದ್ದು ಮತ್ತೆ ಇಳಿಯಿತು.

"ಮೇಡಂ, ಇಲ್ಲಿ..." ನಜಮುನ್ನಿಸಾ ತಡವರಿಸಿದಳು.

"ಕ್ಲಿಪ್ ಕೊಡು."

ಕ್ಲಿಪ್ಪು ಗಾಯವನ್ನು ಮುಚ್ಚಿತು.

ಉದ್ದ ಹೆಚ್ಚಾಗಿದ್ದರಿಂದ ಮೊದಲು ನಾಲ್ಕೂ ಭಾಗಗಳನ್ನು ಭುಜದ ಕೆಳಗೆ ರಬ್ಬರಿನಿಂದ ಕಟ್ಟಿ ಕೊಯ್ದಳು. ಒಣಸೊಪ್ಪೆ ಕೊಯ್ದಂಥ ಸದ್ದು. ಕೈಗೆ ಬಂದ ಕೂದಲು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಮೇಜಿನ ಮೇಲೆ, ಗೊಂಬೆತಲೆಯ ಪಕ್ಕದಲ್ಲಿಟ್ಟಳು.

"ತಲಿ ಬಗ್ಗಸು. ಹಾಂ. ಕುತ್ತಿಗಿ ಹತ್ರ ತೆಳ್ಳಗ ಒಂದು ಎಳಿ ತಗೋಬೇಕು. ಇದು ಗೈಡ್ ಲೈನ್. ಇದನ್ನ ಎಷ್ಟು ಉದ್ದ ಇಡ್ತೀವೋ, ಮ್ಯಾಲಿನ ಕೂದಲೆಲ್ಲಾ ಇದನ್ನೇ ನೋಡಿ ನಡೀತದ. ಇದು ತಪ್ಪಿದರ ಮುಂದ ಎಲ್ಲಾ ತಪ್ಪತದ."

ಭುಜದ ಮಟ್ಟಕ್ಕೆ ಗೆರೆ ಎಳೆದಂತೆ ಕತ್ತರಿಸಿದಳು. ಕೂದಲನ್ನು ಎತ್ತದೆ, ಇಳಿಬಿಟ್ಟು ಕತ್ತರಿಸಿದರೆ ಬ್ಲಂಟ್ ಕಟ್. ಹುಡುಗಿಯರು ಬರೆದುಕೊಂಡರು. ಎಡ, ಬಲ ಎರಡೂ ಸಮ. ಸುಭದ್ರಾ ಹಿಂದೆ ಸರಿದು ನೋಡಿದಳು. ಚೆನ್ನಾಗಿತ್ತು. ಬಹಳ ದಿನಗಳಿಂದ ಅವಳ ಕೈಯಿಂದ ಚೆನ್ನಾದದ್ದೇನೂ ಆಗಿರಲಿಲ್ಲ.

"ಇಷ್ಟೇ ಏನ್ರಿ?" ಮಲ್ಕಮ್ಮ ಕೇಳಿದಳು. "ಇನ್ನಾ ಮ್ಯಾಲ ಒಯ್ರಿ. ಗಂಡು ಹುಡುಗರ್ದು ಇರ್ತದಲ್ಲ, ಹಂಗ."

"ಹೇನಿಗೆ ಇಷ್ಟು ಸಾಕಾಗ್ತದ್ರಿ."

"ಹೇನ ನಿಮಗ ಕಾಣಂಗಿಲ್ಲ." ಮಲ್ಕಮ್ಮ ಎಲೆಯಡಿಕೆ ಉಗುಳಲು ಹೊರಗಿನ ಗಚ್ಚಿಗೆ ಹೋದಳು. ದತ್ತಪ್ಪ ಬಸ್ಸಿನ ಹೊತ್ತು ಕೇಳಿ ಬರುತ್ತೇನೆಂದು ಕೆಳಗಿಳಿದ.

ಸಾಬವ್ವ ತಲೆ ಎತ್ತಲಿಲ್ಲ. ಧೂಳು ಹಿಡಿದ ಕನ್ನಡಿಯಲ್ಲಿ ಅವಳ ತುಟಿ ಮಾತ್ರ ಅಲುಗಾಡಿತು.

"ಅಕ್ಕೋರ, ಐತವಾರ ತೌರಾಗ, ಇಜೇರ್ಯಾಗ, ನನ್ನ ತಮ್ಮನ ಮದಿವಿ ಅದರಿ. ತಲಿ ಹಿಂಗ ಮಾಡಿದ್ರ ಹೆಂಗ ಹೋಗ್ಲಿ? ಮಂದಿ ಮುಂದ ಹೆಂಗ ನಿಂದ್ರಲಿ?"

ಸುಭದ್ರಾ ಹಣಿಗೆ ಒರೆಸತೊಡಗಿದಳು.

"ಒಮ್ಮಿ ತೌರಿಗಿ ಹ್ವಾದ್ರ ಮತ್ತ ಬರಂಗಿಲ್ಲ ಅಂತ ಇವರಿಗಿ ಗೊತ್ತಾಗ್ಯದ. ಅದಕ್ಕ ಇದು. ಇಷ್ಟಕ್ಕ ಬಿಡ್ರಿ. ಸೆರಗ ಹೊತ್ತು ಹೆಂಗರ ಹೋಗ್ತೇನಿ. ನೀವು ಕಲ್ತವರು, ಸಾಕು ಅಂದ್ರ ಕೇಳ್ತಾರ."

ಭುಜದ ತನಕ ಕೂದಲಿದ್ದರೆ ಏನು ಮಾಡಬಹುದೆಂದು ಸುಭದ್ರಾಳಿಗೆ ಗೊತ್ತಿತ್ತು. ಅವಳ ಸ್ವಂತ ಕೂದಲು ಅಷ್ಟೇ ಇತ್ತು. ಸೊಲ್ಲಾಪುರದಲ್ಲಿ ಕತ್ತರಿಸಿಕೊಂಡದ್ದು. ಆಳಂದದಲ್ಲಿ ಪ್ರತಿ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಅದಕ್ಕೆ ಚೌರಿ ಸೇರಿಸಿ, ಸೊಂಟದವರೆಗೆ ಜಡೆ ಹೆಣೆದುಕೊಳ್ಳುತ್ತಿದ್ದಳು. ಕೂದಲು ಕಿವಿಯ ಮಟ್ಟಕ್ಕೆ ಬಂದರೆ ಚೌರಿ ನಿಲ್ಲುವುದಿಲ್ಲ. ಕೊಯ್ದ ಕೂದಲು ಮೇಜಿನ ಮೇಲೇ ಇತ್ತು. ಅದನ್ನೇ ಚೌರಿಯಾಗಿ ಕಟ್ಟಿಕೊಡುವುದು ಹತ್ತು ನಿಮಿಷದ ಕೆಲಸ.

ಹುಡುಗಿಯರು ಅವಳ ಕೈಯನ್ನೇ ನೋಡುತ್ತಿದ್ದರು. ಕೂದಲನ್ನು ತಲೆಗೆ ನೇರ ಎತ್ತಿ ಹಿಡಿದು ಕತ್ತರಿಸುವ ಲೇಯರ್ ಕಟ್ ಅನ್ನು ಅವರು ಜೀವಂತ ತಲೆಯ ಮೇಲೆ ಕಂಡಿರಲಿಲ್ಲ. ಪರೀಕ್ಷಕಿ ಮೊದಲು ಕೇಳುವುದೇ ಅದನ್ನು.

ಮಲ್ಕಮ್ಮ ಬಾಯಿ ಒರೆಸಿಕೊಳ್ಳುತ್ತ ಒಳಬಂದಳು.

"ಇಷ್ಟು..." ಎಂದಳು ಸುಭದ್ರಾ.

"ಏನಂದ್ರಿ?"

"ಇಷ್ಟು ಹೊತ್ತು ಅಲುಗಾಡದ ಕುಂತಾಳ. ಶಾಣ್ಯಾ ಹುಡುಗಿ ಅಂದೆ."

"ಕುಂದ್ರತಾಳ. ಕಲಿಸೇವಿ."

ಕನ್ನಡಿಯಲ್ಲಿ ಸಾಬವ್ವನ ಕಣ್ಣು ಮುಚ್ಚಿಕೊಂಡವು.

ಸುಭದ್ರಾ ನೆತ್ತಿಯ ಎಳೆಯೊಂದನ್ನು ಎರಡು ಬೆರಳ ನಡುವೆ ಹಿಡಿದು ನೇರ ಮೇಲಕ್ಕೆತ್ತಿದಳು. "ಇದು ತೊಂಬತ್ತು ಡಿಗ್ರಿ. ಬಿಗಿತ ಎಲ್ಲಾ ಕಡೆ ಒಂದೇ ಇರಬೇಕು. ಕತ್ತರಿಯ ಒಂದು ಅಲಗು ಸ್ಥಿರ, ಹೆಬ್ಬೆರಳಿನ ಅಲಗು ಮಾತ್ರ ನಡೀಬೇಕು." ಅವಳ ದನಿ ಸಮವಾಗಿತ್ತು. ಒಂದು ಬದಿ ಮುಗಿಯಿತು. ಈಗ ನಿಲ್ಲಿಸುವಂತಿಲ್ಲ ಎಂದು ತನಗೇ ಹೇಳಿಕೊಂಡಳು. ಒಂದು ಬದಿ ಕತ್ತರಿಸಿದ ಮೇಲೆ ಇನ್ನೊಂದನ್ನು ಸಮ ಮಾಡಲೇಬೇಕು, ಅದು ನಿಯಮ. ನಿಯಮ ನೆನಪಾದದ್ದರಿಂದ ಉಸಿರು ಸಲೀಸಾಯಿತು.

ಬಲಗಿವಿಯ ಹಿಂದಿನ ಭಾಗವೂ ಮುಗಿದಾಗ ಗಾಯ ಎಲ್ಲರಿಗೂ ಕಂಡಿತು. ಅದನ್ನು ಮುಚ್ಚುವ ಕೂದಲು ಈಗ ಇರಲಿಲ್ಲ. ಯಾರೂ ಏನೂ ಬರೆದುಕೊಳ್ಳಲಿಲ್ಲ.

ಎದ್ದು ನಿಂತ ಸಾಬವ್ವ ಸೆರಗು ಹೊದ್ದಳು. ಅದು ಜಾರಿತು. ಮತ್ತೆ ಹೊದ್ದಳು, ಮತ್ತೆ ಜಾರಿತು. ಸೆರಗು ಹಿಡಿದು ನಿಲ್ಲಿಸುತ್ತಿದ್ದ ಜಡೆ ಹೋಗಿತ್ತು. ಕೊನೆಗೆ ಕೈಯಿಂದ ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು.

"ಕೂದಲು?" ಸುಭದ್ರಾ ಮೇಜಿನ ಕಡೆ ತೋರಿಸಿದಳು.

"ಇಟ್ಕೋರಿ. ಮನಿಗಿ ಒಯ್ಯಬಾರದು ಅದನ್ನ." ಮಲ್ಕಮ್ಮ ಹೊರಡುವಾಗ ನಿಂತು, ಸುಭದ್ರಾಳ ಜಡೆಯನ್ನು ಅಂಗೈಯಲ್ಲೆತ್ತಿ ತೂಗಿ ನೋಡಿದಳು. ಚೌರಿಯ ಪಿನ್ನು ಹಿಂದಲೆಗೆ ಚುಚ್ಚಿತು. "ಮನಿತನಸ್ಥರ ಜಡಿ ಅಂದ್ರ ಹಿಂಗಿರಬೇಕು. ಚಂದ ಬೆಳಸೀರಿ ಅಕ್ಕೋರ."

ಅವರು ಇಳಿದು ಹೋದರು. ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ಸುಭದ್ರಾ ಕಿಟಕಿಗೆ ಬೆನ್ನು ಮಾಡಿ ಕತ್ತರಿಗೆ ಎಣ್ಣೆ ಬಿಟ್ಟಳು.

"ಆಕಿ ಬ್ಯಾಡ ಅಂದ್ಳಲ್ರಿ ಮೇಡಂ," ಎಂದಳು ನಜಮುನ್ನಿಸಾ.

"ನನಗ ಕೇಳಿಸಲಿಲ್ಲ."

"ನನಗ ಕೇಳಿಸ್ತು. ನಾನು ನಿಮ್ಮಕಿಂತ ದೂರ ನಿಂತಿದ್ದೆ."

"ಕಸ ಗುಡಿಸು."

ನಜಮುನ್ನಿಸಾ ಕ್ಲಿಪ್ಪಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು, ಚಪ್ಪಲಿ ಮೆಟ್ಟಿದಳು, ಹೋದಳು. ಶುಕ್ರವಾರ ಬರಲಿಲ್ಲ. ಶನಿವಾರ ಉಳಿದ ನಾಲ್ವರು ಗೊಂಬೆತಲೆಯ ಉಣ್ಣೆ ಕಿತ್ತು, ಸಾಬವ್ವನ ಕೂದಲು ಅಂಟಿಸಿದರು. ಗೊಂಬೆಗೆ ಬೈತಲೆ ಚೆನ್ನಾಗಿ ಕೂತಿತು. ಐತವಾರ ಸುಭದ್ರಾ ಮನೆಯಿಂದ ಹೊರಬೀಳಲಿಲ್ಲ.

ಸೋಮವಾರ ಅವಳು ಬೀಗದಕೈ ಹಿಡಿದು ಬಂದಾಗ ಮೆಟ್ಟಿಲ ಮೇಲೆ ಹೆಂಗಸರು ಕೂತಿದ್ದರು. ಒಂದೊಂದು ಮೆಟ್ಟಿಲಿಗೆ ಇಬ್ಬರು: ಒಬ್ಬಳು ವಯಸ್ಸಾದವಳು, ಅವಳ ಮಗ್ಗುಲಲ್ಲಿ ಸೆರಗು ಮೂಗಿನವರೆಗೆ ಎಳೆದುಕೊಂಡ ಇನ್ನೊಬ್ಬಳು. ಕೆಳಗೆ ಒಂದಿಬ್ಬರು ಗಂಡಸರು ಬೀಡಿ ಸೇದುತ್ತ ನಿಂತಿದ್ದರು.

"ಮಲ್ಕಮ್ಮ ಹೇಳಿ ಕಳಸ್ಯಾಳ್ರಿ," ಎಂದಳು ಮೊದಲ ಮೆಟ್ಟಿಲ ಮುದುಕಿ. "ಸೋಮವಾರ ಬರ್ರಿ ಅಂದಿದ್ರಂತಲ್ಲ."

ಅವರು ಮೊಣಕಾಲು ಸರಿಸಿ ದಾರಿ ಬಿಟ್ಟರು. ಸುಭದ್ರಾ ತಲೆಯ ಹಿಂದೆ ಕೈ ಹಾಕಿ ಚೌರಿಯ ಪಿನ್ನು ಮುಟ್ಟಿ ನೋಡಿಕೊಂಡಳು. ಮೆಟ್ಟಿಲು ಹತ್ತಿದಳು. ಬೀಗ ತೆಗೆದಳು.

ಪರೀಕ್ಷಕಿ ಹನ್ನೊಂದಕ್ಕೆ ಬಂದರು. ತಲೆಗಳಿಗೆ ಕೊರತೆಯಾಗಲಿಲ್ಲ.