ಯಾರನ್ನೂ ಬಿಡದ ವಂದನಾರ್ಪಣೆ

ತಿಪಟೂರಿನ ಸುಫಲ ಸೇವಾ ಕ್ಲಬ್ಬಿನ ಸಭೆಗಳಲ್ಲಿ ಜನ ಕೊನೆಯವರೆಗೂ ಕೂರುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಊಟ, ಇನ್ನೊಂದು ರೇವಣಸಿದ್ದಯ್ಯನವರ ವಂದನಾರ್ಪಣೆ. ಪಾತ್ರೆ ಅಂಗಡಿಯ ಈ ಮನುಷ್ಯ ಕ್ಲಬ್ಬಿನ ಕಾರ್ಯದರ್ಶಿಯಾಗಿರುವುದೇ ವಂದನೆ ಹೇಳುವ ಚಪಲಕ್ಕೆ ಎಂದು ಹೆಂಡತಿ ದ್ರಾಕ್ಷಾಯಣಮ್ಮ ಆಡಿಕೊಳ್ಳುತ್ತಿದ್ದರು. ಮುಖ್ಯ ಅತಿಥಿಗಳಿಂದ ಶುರು ಮಾಡಿದರೆಂದರೆ ಕುರ್ಚಿ ಜೋಡಿಸಿದವರು, ಪ್ರಾರ್ಥನೆ ಹಾಡಲು ಬಂದು ಸಾಲು ಮರೆತ ಹುಡುಗಿ, ಆ ಹೊತ್ತಿನಲ್ಲಿ ಕರೆಂಟು ತೆಗೆಯದೆ ಕೃಪೆ ತೋರಿದವರು, ಮೈಕ್ ಸೆಟ್ಟಿನ ಅಣ್ಣಯ್ಯ, ಹೀಗೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ಕೈಯಲ್ಲಿ ಚೀಟಿ ಇರುತ್ತಿರಲಿಲ್ಲ. ಉಳಿದ ಕ್ಲಬ್ಬುಗಳವರು ಅಣ್ಣಯ್ಯನನ್ನು 'ಏಯ್ ಮೈಕು' ಎಂದು ಕೂಗಿದರೆ ಇವರು 'ಶ್ರೀ ಅಣ್ಣಯ್ಯನವರು' ಎನ್ನುತ್ತಿದ್ದರು.

ಇಂಥವರಿಗೆ ಆ ವರ್ಷ ಅಧ್ಯಕ್ಷನಾಗಿ ಗಂಟುಬಿದ್ದವನು ಜ್ಞಾನೇಶ್. ಕೊಬ್ಬರಿ ಮಂಡಿಯ ಮಾಲೀಕ, ನಲವತ್ತರ ಆಸುಪಾಸು, ಯಾವಾಗ ನೋಡಿದರೂ ಗರಿಗರಿ ಬಿಳಿ ಅಂಗಿ. ಕ್ಲಬ್ಬಿನ ವರ್ಷ ಮೇ ತಿಂಗಳಲ್ಲಿ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಮೇನಲ್ಲಿ ಅವನ ಪದಗ್ರಹಣವಾಯಿತು. ಕೊರಳಿಗೆ ಹಾಕಿದ ಕೊಬ್ಬರಿ ಹಾರ ಎಷ್ಟು ಭಾರವಿತ್ತೆಂದರೆ ಪ್ರಮಾಣವಚನವನ್ನು ಅವನು ತಲೆ ಬಗ್ಗಿಸಿಕೊಂಡೇ ಓದಬೇಕಾಯಿತು. ಏನು ವಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಪ್ರತಿ ಅಧ್ಯಕ್ಷನೂ ತನ್ನ ವರ್ಷದಲ್ಲಿ ಒಂದು ಶಾಶ್ವತ ಯೋಜನೆ ಮಾಡಬೇಕೆಂಬುದು ಮೇಲಿನ ವಲಯದವರ ಕಟ್ಟಪ್ಪಣೆ. ಜ್ಞಾನೇಶನಿಗೆ ಊರ ಬಾಗಿಲಲ್ಲಿ ತನ್ನ ಹೆಸರಿನ ಕಮಾನು ಕಟ್ಟಿಸುವ ಆಸೆ. ರೇವಣಸಿದ್ದಯ್ಯ ಎದ್ದು ನಿಂತು, ಶವ ಕೆಡದಂತೆ ಇಡುವ ತಣ್ಣನೆ ಪೆಟ್ಟಿಗೆ ಕೊಳ್ಳೋಣ, ಬೇಕಾದವರ ಮನೆಗೆ ಬಿಟ್ಟಿಯಾಗಿ ಕಳಿಸೋಣ ಎಂದರು. ಹಿಂದಿನ ಬೇಸಿಗೆಯಲ್ಲಿ ಅವರ ತೋಟದ ಕಾಯಿ ಕೆಡವುತ್ತಿದ್ದ ಕೆಂಚಯ್ಯ ಸತ್ತಿದ್ದ. ನೆಂಟರು ಬರಲೆಂದು ಕಾದದ್ದಕ್ಕೆ, ಅವನ ಹೆಂಡತಿ ಮಕ್ಕಳೇ ಮೂಗಿಗೆ ಸೆರಗು ಒತ್ತಿಕೊಂಡು ದೂರ ಕೂತದ್ದನ್ನು ಇವರು ಕಣ್ಣಾರೆ ನೋಡಿದ್ದರು. ಜೀವಮಾನವೆಲ್ಲ ದುಡಿದು ಹಾಕಿದವನನ್ನು ಮನೆಯವರು ಆ ನಾತದಿಂದ ನೆನೆಯುವಂತಾದದ್ದು ಅವರಿಗೆ ಸಹಿಸಲಾಗಿರಲಿಲ್ಲ.

"ನಮ್ಮಲ್ಲಿ ಕೂರ್ಸಿ ಮಣ್ಣು ಮಾಡೋದು ಕಣ್ರೀ," ಎಂದರು ಖಜಾಂಚಿ. "ಅದ್ರಲ್ಲಿ ಮಲಗ್ಸಿ ಸೆಟೆದುಕೊಂಡ್ರೆ ಆಮೇಲೆ ಕೂರ್ಸೋದು ಹೆಂಗೆ? ನಮ್ಗೇನ್ ಉಪಯೋಗ?"

"ನಮ್ ಉಪಯೋಗಕ್ಕೇನ್ರೀ ನಾವು ಸೇವೆ ಮಾಡೋದು?" ಎಂದರು ರೇವಣಸಿದ್ದಯ್ಯ.

ಈ ಪ್ರಶ್ನೆಯನ್ನು ಕ್ಲಬ್ಬಿನಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಬೋಂಡದ ತಟ್ಟೆಗೆ ಕೈ ಹಾಕಿದರು. ಆದರೆ ಪೆಟ್ಟಿಗೆಯ ನಾಲ್ಕೂ ಬದಿಗೆ ಫೋಟೋ ಅಂಟಿಸಬಹುದು ಎಂದು ಯಾರೋ ಹೇಳಿದ್ದೇ ಜ್ಞಾನೇಶನ ಮುಖ ಅರಳಿತು. ಕಮಾನು ನಿಂತಲ್ಲೇ ನಿಂತಿರುತ್ತದೆ, ಪೆಟ್ಟಿಗೆ ಊರೂರು ತಿರುಗುತ್ತದೆ. ಅವನ ಲೆಕ್ಕ ಅಲ್ಲಿಗೆ ಕೂಡಿಬಂತು.

ದಸರಾ ಕಳೆದ ಮೇಲೆ ಪೆಟ್ಟಿಗೆ ಬಂತು. ಹೆಣದ ತಲೆ ಬರುವ ಕಡೆ, ಮುಖ ನೋಡಲು ಬಂದವರ ಕಣ್ಣಿಗೆ ಮೊದಲು ಬೀಳುವಂತೆ, ಜ್ಞಾನೇಶ್ ಮತ್ತವನ ಹೆಂಡತಿ ವರ್ಷಿಣಿ ಹಲ್ಲು ಬಿಟ್ಟು ನಗುತ್ತಿರುವ ಚಿತ್ರ. ಉದ್ಘಾಟನೆಯ ದಿನ ಖಾಲಿ ಪೆಟ್ಟಿಗೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಒಳಗೆ ಏನಾದರೂ ಇಡಿ ಎಂದ ಫೋಟೋದವನು. ಒಳಗೆ ಮಲಗಲು ಒಬ್ಬ ಸದಸ್ಯನೂ ಮುಂದೆ ಬರಲಿಲ್ಲ. ಮಂಡಿಯಿಂದ ಒಂದು ಮೂಟೆ ಕೊಬ್ಬರಿ ತರಿಸಿ, ಉದ್ದಕ್ಕೆ ಮಲಗಿಸಿ, ಹಾರ ಹಾಕಿದರು. ತಡವಾಗಿ ಬಂದ ಅತಿಥಿಯೊಬ್ಬರು ಮೂಟೆಗೆ ಕೈಮುಗಿದು ಒಂದು ನಿಮಿಷ ಮೌನವಾಗಿ ನಿಂತರು. ರೇವಣಸಿದ್ದಯ್ಯನವರಿಗೆ ಆವತ್ತು ನಗು ಬಂದಿತ್ತು. ಆ ನಗು ಹೆಚ್ಚು ಕಾಲ ಉಳಿಯಲಿಲ್ಲ.

ಬಿಳಿಗೆರೆಯಲ್ಲಿ ಅವರ ಸಣ್ಣ ತೋಟಕ್ಕೆ ಅಂಟಿಕೊಂಡಂತೆ ಪುಟ್ಟಗೌರಮ್ಮನ ತೋಟವಿತ್ತು. ಇಬ್ಬರು ಗಂಡುಮಕ್ಕಳು, ಸೊಸೆ, ಮೊಮ್ಮಕ್ಕಳು, ದನಕರು ಎಂದು ತುಂಬಿದ ಮನೆಯ ಮುದುಕಿ. ಇವರ ತೋಟಕ್ಕೆ ಕಾಯಿಕಳ್ಳರು ನುಗ್ಗಿದರೆ ಮೊದಲು ಬೈಗುಳ ಕೇಳಿಸುತ್ತಿದ್ದುದು ಅವಳದೇ. ಪೆಟ್ಟಿಗೆ ಬಂದ ವಾರದಲ್ಲಿ ಬದುವಿನ ಮೇಲೆ ಸಿಕ್ಕಳು.

"ಅದೇನೋ ಹೆಣದ್ ಪೆಟ್ಗೆ ತಂದವ್ರಂತಲ್ಲ ಸಾವ್ಕಾರ್ರೇ. ನಂಗೊಂದಿನ ಹೇಳಿಟ್ಟಿರಿ."

"ಬುಡಮ್ಮ, ಎಂಥಾ ಮಾತು."

"ತಮಾಸೆ ಅಲ್ಲ ಕಣಪ್ಪ. ದೊಡ್ಡೋನು ಅರುಣ ಮನೇಲೇ ಅವ್ನೆ. ಚಿಕ್ಕೋನು ಮೋಹನ ಕೊಬ್ರಿ ಲೋಡ್ ತಗಂಡು ಡೆಲ್ಲಿ ಗಂಟ ಲಾರಿ ಓಡಿಸ್ತಾನೆ. ನಾನ್ ಹೋಗೋ ದಿನ ಅವ್ನು ಯಾವ್ ಮೂಲೇಲಿರ್ತಾನೋ. ಅವ್ನು ಬರೋಗಂಟ ನನ್ ಮಖ ಚೆಂದಾಗಿರ್ಬೇಕು. ಇನ್ನೇನೂ ಬ್ಯಾಡ ನಂಗೆ."

"ಆಯ್ತಮ್ಮ. ಪೆಟ್ಟಿಗೆ ನಾನೇ ತಂದಿಡ್ತೀನಿ, ಸರಿನಾ?" ಎಂದು ರೇವಣಸಿದ್ದಯ್ಯ ನಕ್ಕರು. ನಕ್ಕರೂ ಅದು ಕೊಟ್ಟ ಮಾತೇ ಆಗಿತ್ತು.

ಚಳಿಗಾಲದಲ್ಲಿ ಪೆಟ್ಟಿಗೆ ಸುತ್ತಿತು. ಅದರ ಹಿಂದೆಯೇ ಜ್ಞಾನೇಶನ ಕಾರೂ ಸುತ್ತಿತು. ಹೆಣವಿದ್ದ ಮನೆಗೆ ಹೋಗುವುದು, ಬ್ಯಾನರ್ ಹಿಡಿಸುವುದು, ಫೋಟೋ ತೆಗೆಸಿ ವಾಟ್ಸಾಪ್ ಗುಂಪಿಗೆ ಹಾಕುವುದು. ಸತ್ತವರ ಫೋಟೋದ ಕೆಳಗೆ 'ಸೂಪರ್ ಸರ್', 'ಅಭಿನಂದನೆಗಳು', ಸಾಲುಸಾಲು ಹೆಬ್ಬೆರಳು. ಶೆಟ್ಟಿಕೆರೆಯ ಒಂದು ಮನೆಯಲ್ಲಿ, ಗಂಡನ ಮೇಲೆ ಹಾರ ಇಟ್ಟು ಕುಸಿದು ಕೂತಿದ್ದ ಹೆಂಗಸನ್ನು ಜ್ಞಾನೇಶ್ ಎಬ್ಬಿಸಿದ.

"ಇನ್ನೊಂದ್ಸಲ ಹಾಕಮ್ಮ. ಬ್ಯಾನರ್ ಸರಿಯಾಗಿ ಬಿದ್ದಿಲ್ಲ."

ಆಕೆ ಹಾಕಿದ ಹಾರವನ್ನೇ ತೆಗೆದು ಮತ್ತೆ ಹಾಕಿದಳು. ಬ್ಯಾನರಿನ ಇನ್ನೊಂದು ತುದಿ ಹಿಡಿದಿದ್ದವರು ರೇವಣಸಿದ್ದಯ್ಯ. ಮನೆಗೆ ಬಂದು, ಇನ್ನು ಆ ದರಿದ್ರದವನ ಜೊತೆ ಹೆಣದ ಮನೆಗೆ ಹೋಗುವುದಿಲ್ಲ ಎಂದು ಹೆಂಡತಿಗೆ ಹೇಳಿದರು. "ಹಂಗಾದ್ರೆ ಕ್ಲಬ್ಬನ್ನೇ ಬಿಡಿ," ಎಂದರು ದ್ರಾಕ್ಷಾಯಣಮ್ಮ. ಬಿಟ್ಟರೆ ಪೆಟ್ಟಿಗೆ ಬೇಕಾದವರು ಯಾರನ್ನು ಕೇಳಬೇಕು ಎಂದುಕೊಂಡು ಅವರು ಬಿಡಲಿಲ್ಲ.

ಏಪ್ರಿಲ್ ಬಂತು. ತೆಂಗಿನ ಗರಿಯೂ ಅಲ್ಲಾಡದ ಸೆಕೆ. ಪೆಟ್ಟಿಗೆಯ ಪುಣ್ಯದಿಂದ ಸುಫಲ ಕ್ಲಬ್ಬಿಗೆ ವಲಯದ ಅತ್ಯುತ್ತಮ ಸೇವಾ ಪ್ರಶಸ್ತಿ ಬಂದಿತ್ತು. ಕೊಡಲು ವಲಯಾಧ್ಯಕ್ಷರು ಖುದ್ದು ಬರುವವರಿದ್ದರು. ಕಲ್ಯಾಣಮಂಟಪ ಗೊತ್ತಾಯಿತು, ಮುನ್ನೂರು ಜನಕ್ಕೆ ಊಟ ಗೊತ್ತಾಯಿತು.

ಸಮಾರಂಭದ ದಿನ ಬೆಳ್ಳಂಬೆಳಿಗ್ಗೆ ಪುಟ್ಟಗೌರಮ್ಮನ ಹಿರಿಮಗ ಅರುಣ್ ಕುಮಾರ್ ಫೋನ್ ಮಾಡಿದ. ಮುದುಕಿ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದಳು. ಮೋಹನ್ ಕುಮಾರ್ ನಾಗಪುರದ ಹತ್ತಿರ ಇದ್ದ. ಲಾರಿಯನ್ನು ಜೊತೆಯವನಿಗೆ ಬಿಟ್ಟು ಬಸ್ಸು ಹತ್ತಿದರೂ ಮನೆ ಮುಟ್ಟುವುದು ಮರುದಿನವೇ. ಪೆಟ್ಟಿಗೆ ಬೇಕಿತ್ತು.

ರೇವಣಸಿದ್ದಯ್ಯ ಕೂಡಲೇ ಜ್ಞಾನೇಶನಿಗೆ ಫೋನ್ ಮಾಡಿದರು.

"ಅಯ್ಯೋ ಸಾರ್, ನಿನ್ನೆನೇ ತುರುವೇಕೆರೆ ಕಡೆ ಹೋಯ್ತಲ್ಲ," ಎಂದ ಜ್ಞಾನೇಶ್. "ಅಲ್ಲೂ ಯಾರೋ ಹೋಗ್ಬಿಟ್ರಂತೆ. ನಾಳೆ ಬರುತ್ತೆ."

ಇನ್ನೊಂದು ಹೆಣವನ್ನು ಕೆಳಗಿಳಿಸಿ ಕೊಡಿ ಎನ್ನಲಾದೀತೆ? ರೇವಣಸಿದ್ದಯ್ಯ ತುಮಕೂರಿಗೆ ಫೋನ್ ಮಾಡಿದರು, ಹಾಸನಕ್ಕೆ ಮಾಡಿದರು. ಬಾಡಿಗೆ ಪೆಟ್ಟಿಗೆಗಳೂ ಖಾಲಿ ಇರಲಿಲ್ಲ. ಸಿಕ್ಕಷ್ಟು ಐಸ್‌ಗಡ್ಡೆ ಹೊರಿಸಿಕೊಂಡು ಬಿಳಿಗೆರೆಗೆ ಹೋದರು. ಹೊಟ್ಟಿನಲ್ಲಿ ಮುಚ್ಚಿದ ಐಸು ಮಧ್ಯಾಹ್ನದ ಹೊತ್ತಿಗೆ ನೀರಾಗಿ ಅಂಗಳದಲ್ಲಿ ಹರಿಯಿತು. ನೊಣ ಮುತ್ತಿದವು. ಸೊಸೆ ಅನಿತಾ ಬೇವಿನ ಸೊಪ್ಪಿನಲ್ಲಿ ಬೀಸಿ ಬೀಸಿ, ಕೊನೆಗೆ ಸೊಪ್ಪನ್ನೇ ಮೂಗಿಗೆ ಹಿಡಿದುಕೊಂಡು ಹಿತ್ತಿಲಿಗೆ ಓಡಿದಳು. ಪುಟ್ಟಗೌರಮ್ಮನ ತುಟಿ ಊದಿಕೊಂಡಿತು, ಕೆನ್ನೆಯ ಬಣ್ಣ ತಿರುಗಿತು. ಅವಳ ಮುಖ ಚೆಂದವಾಗಿ ಉಳಿಯಲಿಲ್ಲ.

"ಇನ್ನು ತಡಿಯಕ್ಕಾಗಕಿಲ್ಲ ಸಾವ್ಕಾರ್ರೇ," ಎಂದ ಅರುಣ್ ಕುಮಾರ್. "ತಗಂಡ್ ಹೋಗ್ಬುಡಾಣ. ತಮ್ಮಂಗೆ ಮಾತ್ರ ನಾನ್ ಹೇಳಲ್ಲ. ಬಸ್ಸಲ್ಲಿ ಒಬ್ನೇ ಅವ್ನೆ, ಏನಂತ ಹೇಳ್ಲಿ?"

ಬಿಸಿಲು ಇಳಿಯುವ ಮೊದಲೇ ತೋಟದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದರು. ರೇವಣಸಿದ್ದಯ್ಯ ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡರು. ನಾತ ಹೋಗಲಿಲ್ಲ. ಇವತ್ತೊಂದು ದಿನ ಸಮಾರಂಭಕ್ಕೆ ಹೋಗಬೇಡಿ ಎಂದು ದ್ರಾಕ್ಷಾಯಣಮ್ಮ ಹೇಳಿ ನೋಡಿದರು. ವಂದನಾರ್ಪಣೆ ತಮ್ಮದು, ಒಪ್ಪಿಕೊಂಡಾಗಿದೆ ಎಂದು ಇವರು ಅಂಗಿ ತೊಟ್ಟು ಹೊರಟೇಬಿಟ್ಟರು.

ಮಂಟಪದ ಬಾಗಿಲಲ್ಲೇ ವರ್ಷಿಣಿ ನಿಂತು ಬಂದವರಿಗೆಲ್ಲ ಬಾದಾಮಿ ಹಾಲು ಕೊಡಿಸುತ್ತಿದ್ದಳು. ಲೋಟದ ಹೊರಮೈ ಬೆವರುವಷ್ಟು ತಣ್ಣಗಿತ್ತು. ಬೆಳಗಿನಿಂದ ರೇವಣಸಿದ್ದಯ್ಯನವರ ಗಂಟಲಿಗೆ ತೊಟ್ಟು ನೀರೂ ಇಳಿದಿರಲಿಲ್ಲ. ಗಟಗಟ ಕುಡಿದರು. ಹಾಳಾದ್ದು ರುಚಿಯಾಗಿತ್ತು, ಕೇಸರಿ ಘಮ್ಮೆನ್ನುತ್ತಿತ್ತು. "ಚೆನ್ನಾಗಿದೆ ಕಣಮ್ಮ," ಎಂದು ಇನ್ನೊಂದು ಲೋಟ ಇಸಿದುಕೊಂಡರು.

ಕೈ ತೊಳೆಯಲೆಂದು ಅಡುಗೆಮನೆಯ ಹಿಂದಕ್ಕೆ ಹೋದರು. ಅಲ್ಲಿ ರುಬ್ಬುವ ಕಲ್ಲಿನ ಪಕ್ಕದಲ್ಲಿ ಪೆಟ್ಟಿಗೆ ಗುರ್ರೆನ್ನುತ್ತಿತ್ತು. ಮುಚ್ಚಳ ತೆರೆದಿತ್ತು. ತಲೆಯ ಕಡೆ ಹಾಲಿನ ಕ್ಯಾನುಗಳು, ಕಾಲಿನ ಕಡೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸುಗಂಧರಾಜದ ಹಾರಗಳು. ಹೊರಬದಿಯ ಚಿತ್ರದಲ್ಲಿ ಜ್ಞಾನೇಶ್ ಮತ್ತು ವರ್ಷಿಣಿ ನಗುತ್ತಿದ್ದರು. ಅಡುಗೆಯ ನಂಜುಂಡಪ್ಪ ಸೌಟು ಅದ್ದಿ ಲೋಟಗಳಿಗೆ ಹಾಲು ತುಂಬುತ್ತಿದ್ದ.

"ಇದು ಯಾವಾಗ ಬಂತಪ್ಪ ಇಲ್ಲಿಗೆ?" ಎಂದರು ರೇವಣಸಿದ್ದಯ್ಯ.

"ನಿನ್ನೆನೇ ಕಳ್ಸಿದ್ರು ಅಧ್ಯಕ್ಷರು. ಫಿನಾಯಿಲ್ ಹಾಕಿ ಚೆನ್ನಾಗಿ ತೊಳ್ದಿದೀವಿ ಸಾರ್," ಎಂದ ನಂಜುಂಡಪ್ಪ, ಮುಖ ಎತ್ತದೆ.

ತುರುವೇಕೆರೆಯಲ್ಲಿ ಯಾರೂ ಸತ್ತಿರಲಿಲ್ಲ. ರೇವಣಸಿದ್ದಯ್ಯ ನೆಟ್ಟಗೆ ಹೋಗಿ ಜ್ಞಾನೇಶನ ತೋಳು ಹಿಡಿದರು.

"ಮೆತ್ತಗೆ ಮಾತಾಡಿ ಸಾರ್," ಎಂದ ಅವನು. "ಎಲ್ಲೂ ದೊಡ್ಡ ಫ್ರಿಜ್ ಸಿಗ್ಲಿಲ್ಲ. ಇದು ಸುಮ್ನೆ ಬಿದ್ದಿತ್ತು."

"ಬೆಳಿಗ್ಗೆ ಕೇಳ್ದಾಗ ಖಾಲಿ ಮಾಡಿ ಕೊಡ್ಬಹುದಿತ್ತಲ್ರೀ."

"ಮುನ್ನೂರು ಜನದ ಹಾಲು ಸಾರ್! ಈ ಸೆಕೇಲಿ ಕೆಟ್ಟೋಗಿದ್ರೆ? ವಲಯಾಧ್ಯಕ್ಷರ ಮುಂದೆ ನಮ್ ಮರ್ಯಾದೆ ಏನಾಗ್ಬೇಕಿತ್ತು?"

"ಸೆಕೇಲಿ ಹಾಲು ಕೆಡ್ತದೆ ಅನ್ನೋದು ನಿಮ್ಗೆ ಗೊತ್ತಾಗುತ್ತೆ, ಅಲ್ವಾ?" ಎಂದರು ರೇವಣಸಿದ್ದಯ್ಯ. ಜ್ಞಾನೇಶ್ ಆಗಲೇ ಅತಿಥಿಗಳ ಕಡೆ ತಿರುಗಿ ಕೈಮುಗಿಯುತ್ತಿದ್ದ.

ಸಮಾರಂಭ ನಡೆಯಿತು. ವಲಯಾಧ್ಯಕ್ಷರ ಕೊರಳಿಗೆ ಸುಗಂಧರಾಜದ ಹಾರ ಬಿತ್ತು. ಇಷ್ಟು ತಾಜಾ ಹೂವು ಈ ಬಿಸಿಲಲ್ಲಿ ಎಲ್ಲಿ ಸಿಕ್ಕಿತು ಎಂದು ಅವರು ಮೂಸಿ ನೋಡಿ ಮೆಚ್ಚಿದರು. ಸತ್ತವರಿಗೂ ಗೌರವ ತಂದುಕೊಟ್ಟ ಕ್ಲಬ್ಬು ಎಂದು ಹೊಗಳಿ ಫಲಕ ಕೊಟ್ಟರು. ಜ್ಞಾನೇಶ್ ಕಣ್ಣೊರೆಸಿಕೊಂಡ. ಆಮೇಲೆ ವಂದನಾರ್ಪಣೆ. ಜನ ಕುರ್ಚಿಯಲ್ಲಿ ಆರಾಮವಾಗಿ ಒರಗಿಕೊಂಡರು.

ರೇವಣಸಿದ್ದಯ್ಯ ಎಂದಿನಂತೆ ಶುರು ಮಾಡಿದರು. ವಲಯಾಧ್ಯಕ್ಷರು, ಅವರ ಕಾರಿನ ಚಾಲಕರು, ಪ್ರಾರ್ಥನೆ ಹಾಡಿದ ಕೃತಿಕಾ, ಕುರ್ಚಿ ಹಾಕಿದವರು. ನಂತರ ಅಡುಗೆಮನೆಯ ಕಡೆ ತಿರುಗಿದರು.

"ಇಂಥ ಸೆಕೆಯಲ್ಲಿ ನಮ್ಮ ಹೊಟ್ಟೆ ತಣ್ಣಗೆ ಮಾಡಿದವರನ್ನು ಮರೆಯುವ ಹಾಗಿಲ್ಲ. ಬಾದಾಮಿ ಹಾಲು ಕಾಯಿಸಿದ ಶ್ರೀ ನಂಜುಂಡಪ್ಪನವರಿಗೆ ವಂದನೆಗಳು. ಆ ಹಾಲನ್ನೂ, ಅತಿಥಿಗಳ ಕೊರಳಿನ ಹಾರವನ್ನೂ ನಿನ್ನೆಯಿಂದ ಕೆಡದಂತೆ ಕಾಪಾಡಿದ, ಅಡುಗೆಮನೆಯ ಹಿಂದೆ ಈಗಲೂ ಓಡುತ್ತಿರುವ ನಮ್ಮ ಕ್ಲಬ್ಬಿನ ಶವದ ಪೆಟ್ಟಿಗೆಗೆ ವಂದನೆಗಳು."

ಸಭೆಗೆ ಮೊದಲು ಅರ್ಥವಾಗಲಿಲ್ಲ. ಒಂದಿಬ್ಬರು ಅಭ್ಯಾಸಬಲದಿಂದ ಚಪ್ಪಾಳೆಯನ್ನೂ ತಟ್ಟಿದರು. ಜ್ಞಾನೇಶ್ ಮಾತ್ರ ಎದ್ದು, ಮೈಕ್ ತೆಗಿ ಎಂದು ಅಣ್ಣಯ್ಯನಿಗೆ ಕೈಸನ್ನೆ ಮಾಡತೊಡಗಿದ. ಅಣ್ಣಯ್ಯ ಅವನನ್ನು ನೋಡಿದ, ರೇವಣಸಿದ್ದಯ್ಯನವರನ್ನು ನೋಡಿದ, ಸೌಂಡು ಇನ್ನಷ್ಟು ಏರಿಸಿದ.

"ನಮ್ಮ ಹಾಲಿಗಿಂತ ಮುಂಚೆ ಅದರಲ್ಲಿ ಮಲಗಿ ಎದ್ದುಹೋದ ಹಿರಿಯರೆಲ್ಲರಿಗೂ ವಂದನೆಗಳು. ಇವತ್ತು ಬೆಳಿಗ್ಗೆ ತೀರಿಕೊಂಡು, ಪೆಟ್ಟಿಗೆ ಸಿಗದೆ, ಮಗನಿಗೆ ಮುಖ ತೋರಿಸಲೂ ಆಗದೆ ಕೆಟ್ಟುಹೋದ ಬಿಳಿಗೆರೆಯ ಪುಟ್ಟಗೌರಮ್ಮನವರಿಗೆ ವಂದನೆಗಳು. ಅವರು ಜಾಗ ಬಿಟ್ಟುಕೊಟ್ಟದ್ದರಿಂದ ನಾವು ಕುಡಿದೆವು. ಎರಡು ಲೋಟ ಕುಡಿದು ಚೆನ್ನಾಗಿದೆ ಅಂದ ನನಗೂ ವಂದನೆಗಳು."

ವಲಯಾಧ್ಯಕ್ಷರು ಹಾರವನ್ನು ಕಿತ್ತು ನೆಲಕ್ಕೆ ಎಸೆದರು. ಹಿಂದಿನ ಸಾಲಿನಲ್ಲಿ ಯಾರೋ ಓ ಎಂದು ವಾಂತಿ ಮಾಡಿಕೊಂಡರು. ಅದನ್ನು ಕೇಳಿ ಇನ್ನೊಬ್ಬರು ಶುರು ಮಾಡಿದರು. ಖಜಾಂಚಿ ಫಲಕವನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡು ಓಡಿದರು.

ರೇವಣಸಿದ್ದಯ್ಯ ಮೈಕ್ ಕೆಳಗಿಟ್ಟು ಹೊರಗೆ ಬಂದರು. ರಸ್ತೆ ಬದಿಯ ಚರಂಡಿಯ ಹತ್ತಿರ ಬಗ್ಗಿ, ಗಂಟಲಿಗೆ ಬೆರಳು ಹಾಕಿ, ಕುಡಿದದ್ದನ್ನೆಲ್ಲ ಕಕ್ಕಿದರು. ಕಕ್ಕಿದ್ದರಲ್ಲೂ ಕೇಸರಿಯ ಘಮಲಿತ್ತು. ಬಾಯಿ ಒರೆಸಿಕೊಳ್ಳುತ್ತಿದ್ದಾಗ ಫೋನ್ ಹೊಡೆದುಕೊಂಡಿತು.

"ಸಾವ್ಕಾರ್ರೇ, ನಾನು, ಮೋಹನ," ಎಂದಿತು ಬಸ್ಸಿನ ಸದ್ದಿನ ನಡುವೆ ಒಂದು ದನಿ. "ಅಣ್ಣ ಫೋನೇ ಎತ್ತಾ ಇಲ್ಲ. ಪೆಟ್ಗೆ ನೀವೇ ತಂದಿಡ್ತೀನಿ ಅಂದಿದ್ರಂತೆ, ಅವ್ವ ಯಾವಾಗ್ಲೂ ಹೇಳೋದು. ಅದ್ಕೇ ನಂಗೆ ಧೈರ್ಯ. ನಾಳಿಕ್ಕೆ ಬಂದ್ಬುಡ್ತೀನಿ, ಅವ್ವನ್ ಮಖ ನೋಡ್ತೀನಿ. ನಿಮ್ ಉಪ್ಕಾರ ಸಾಯೋಗಂಟ ಮರೆಯಾಕಿಲ್ಲ ಸಾವ್ಕಾರ್ರೇ."

ಊರಿನವರಿಗೆಲ್ಲ ವಂದನೆ ಹೇಳಿದ್ದವರಿಗೆ ಈಗ ವಂದನೆ ಬಂದಿತ್ತು.

"ಹೂಂ ಕಣಪ್ಪ, ಹುಷಾರಾಗಿ ಬಾ," ಎಂದರು ರೇವಣಸಿದ್ದಯ್ಯ.