ಬೆಳ್ಳಕ್ಕನ ಸೀರೆ

ದಿವಾಕರ ಸೀರೆಯ ಚೀಲವನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, ಪಾತ್ರೆ ಅಂಗಡಿಯೊಳಗೆ ಗಿರಾಕಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಅಕ್ಕಾ, ಇದನ್ನ ನಾ ಹೇಗೆ ತಕಳ್ಳುದು? ಇದು ಸತ್ತವಳ ಸೀರೆ ಅಲ್ಲ."

ಉಮಾ ಗಂಡನ ಮುಖ ನೋಡಿದಳು. ಕೃಷ್ಣಾನಂದನಿಗೂ ಅರ್ಥವಾದಂತೆ ಕಾಣಲಿಲ್ಲ.

ಉಮಾಳ ಮನೆಯವರು ಈಚೆಗೆ ಮಾರಿದ ಹೊಳನಗದ್ದೆಯ ಮನೆಯನ್ನು ಕಟ್ಟಿಸಿದ್ದು ದಿವಾಕರನ ಮುತ್ತಜ್ಜ. ಅವರಿಂದ ಅದು ಕುಮಟೆಯ ಎಣ್ಣೆಗಿರಣಿಯವರಿಗೆ ಹೋಯಿತು, ಗಿರಣಿಯವರಿಂದ ಉಮಾಳ ಮಾವನಿಗೆ ಬಂತು. ಮನೆ ಯಾರ ಕೈಗೆ ಹೋದರೂ ನಡುಮನೆಯ ಮರದ ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯುತ್ತಿತ್ತು. ಮನೆ ಬಿಡುವ ಹೆಂಗಸು ಮನೆಗೆ ಬರುವ ಹೆಂಗಸಿನ ಕೈ ಹಿಡಿದು ಅದನ್ನು ಒಪ್ಪಿಸಿ ಹೊರಡಬೇಕು. ಚಿಕ್ಕ ಪ್ರಾಯದಲ್ಲೇ ಬಾವಿಗೆ ಬಿದ್ದು ಮುತ್ತೈದೆಯಾಗಿ ಸತ್ತ ಆ ಮನೆಯ ಸೊಸೆ ಬೆಳ್ಳಕ್ಕನ ಪೆಟ್ಟಿಗೆ ಅದು. ಪ್ರತಿ ಮಹಾನವಮಿಗೆ ಅವಳ ಹೆಸರಿನಲ್ಲಿ ಹೊಸದೊಂದು ಹಸಿರು ಸೀರೆ, ಹಸಿರು ಬಳೆ ಇಡಬೇಕು. ಹಿಂದಿನ ವರ್ಷದ ಸೀರೆಯನ್ನು ಅಂದು ಮನೆಯ ಸೊಸೆ ಉಡಬೇಕು.

ಈಗ ಮನೆ ಕೊಂಡವರು ಅಲ್ಲಿ ಹೋಮ್‌ಸ್ಟೇ ಮಾಡುವವರು. ಪೆಟ್ಟಿಗೆ ಗಿಟ್ಟಿಗೆ ತಮಗೆ ಬೇಡವೆಂದು ಮೊದಲೇ ಹೇಳಿದ್ದರು. ಹಾಗಾದರೆ ಬೆಳ್ಳಕ್ಕನ ಸೀರೆಯನ್ನು ಅವಳ ಮನೆತನದವರಿಗೇ ಮುಟ್ಟಿಸಿ ಎಂದರು ಭಟ್ಟರು. ಗಂಡ ಹೆಂಡತಿ ಗಿರಣಿಯವರಲ್ಲಿ ಕೇಳಿ, ಅವರು ಹೇಳಿದವರಲ್ಲಿ ಕೇಳಿ, ಕೊನೆಗೆ ಭಟ್ಕಳದ ಈ ಅಂಗಡಿಗೆ ಬಂದು ಮುಟ್ಟಿದ್ದರು.

"ಬಾವಿಗೆ ಬಿದ್ದದ್ದೆಲ್ಲ ಸುಳ್ಳು," ಎಂದ ದಿವಾಕರ. "ಬೆಳ್ಳಕ್ಕ ನಮ್ಮ ಅಜ್ಜನ ತಮ್ಮನ ಹೆಂಡ್ತಿ. ತೆಂಗಿನಕಾಯಿ ಸಾಗಿಸೂಕೆ ಬರ್ತಿದ್ದ ಹೊನ್ನಾವರದ ಹತ್ರದ ಮಾವಿನಕುರ್ವೆಯ ಕುಪ್ಪನ ಸಂಗಡ ದೋಣಿ ಹತ್ತಿ ಹೋದ್ಲು. ಮನೆಯಲ್ಲಿ ಮದುವೆ ಪ್ರಾಯಕ್ಕೆ ಬಂದ ಹೆಣ್ಮಕ್ಕಳಿದ್ರು. ಸತ್ಲು ಅಂದ್ರೆ ಯಾರೂ ಮತ್ತೆ ಕೇಳೂದಿಲ್ಲ, ಅಲ್ದಾ? ಜನ ನಂಬಬೇಕಲ್ಲ, ಅದಕ್ಕೆ ಸೀರೆ ಇಟ್ರು. ಗಿರಣಿಯವ್ರಿಗೂ ಹಾಗೇ ಹೇಳಿ ಮನೆ ಕೊಟ್ರು."

"ಮತ್ತೆ ಅವಳು?" ಎಂದಳು ಉಮಾ.

"ಚೆನ್ನಾಗೇ ಬದುಕಿದ್ಲು. ತೀರಿಹೋಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು ಅಷ್ಟೆ. ಮಗಳು ತಿಮ್ಮಿ ಅಲ್ಲೇ ಇದ್ದಾಳೆ."

ಕಾರು ಹೊನ್ನಾವರದ ಕಡೆಗೆ ಓಡುತ್ತಿರುವಾಗ ಕೃಷ್ಣಾನಂದ ಒಮ್ಮೆ ನಕ್ಕ. "ಒಳ್ಳೆ ಕತೆ. ಪೀಡೆ ಕಳೀತು ಬಿಡು. ಸೇತುವೆ ಮೇಲಿಂದ ಹೊಳೆಗೆ ಎಸ್ದು ಹೋಗ್ವ."

ಮದುವೆಯಾದ ವರ್ಷ ಮಹಾನವಮಿಯ ದಿನವೇ ಉಮಾ ಹೊರಗಾಗಿದ್ದಳು, ಸೀರೆ ಉಡಲಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಬಸಿರು ನಿಲ್ಲದೆ ಹೋದಾಗ ಅತ್ತೆ ಬೈಯಲಿಲ್ಲ. "ಬೆಳ್ಳಕ್ಕಂಗೆ ಸಿಟ್ಟು ಬಂದದೆ ಮಗಾ, ಬೇಡ್ಕ," ಎಂದು ಅವಳನ್ನು ಪೆಟ್ಟಿಗೆಯ ಮುಂದೆ ಕೂರಿಸಿದ್ದರು. ಎರಡನೆಯದೂ ಹೋದ ಮೇಲೆ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನಾದಿನಿಯ ಸೀಮಂತಕ್ಕೆ ಅವಳನ್ನು ಅಡುಗೆಮನೆಯಲ್ಲೇ ಉಳಿಸಿದರು. ಕೃಷ್ಣಾನಂದ ಆಗಲೂ ಏನೂ ಹೇಳಿರಲಿಲ್ಲ. ಅಂದಿನಿಂದ ಪ್ರತಿ ನವಮಿಗೂ ಉಮಾ ಹಸಿರು ಸೀರೆ ಉಟ್ಟು ಪೆಟ್ಟಿಗೆಗೆ ಹಣೆ ಹಚ್ಚಿ ತಪ್ಪಾಯಿತೆಂದು ಬೇಡುತ್ತ ಬಂದಿದ್ದಳು. ಕತ್ತಲಾದ ಮೇಲೆ ಬಾವಿಯಿಂದ ನೀರು ಎತ್ತಿದವಳಲ್ಲ. ಈಗ ಕಿವಿಯ ಪಕ್ಕದ ಕೂದಲು ಪೂರಾ ಬೆಳ್ಳಗಾಗಿತ್ತು.

ಸೇತುವೆ ದಾಟುವಾಗ ಕೃಷ್ಣಾನಂದ ವೇಗ ಇಳಿಸಿದ. ಉಮಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಮಾವಿನಕುರ್ವೆಗೆ ಹೋಗುವ."

"ಎಂತಕೆ? ತಲೆ ಸರಿ ಇದೆಯಾ ನಿಂಗೆ?"

"ನೀವು ಬರದಿದ್ರೆ ಬೇಡ. ರಿಕ್ಷಾ ಸಿಗ್ತದೆ."

ಅವನು ಬಂದ. ಆದರೆ ಊರಿನವರು ತಿಮ್ಮಿಯ ಮನೆ ತೋರಿಸಿದ ಮೇಲೆ ಕಾರಿನಿಂದ ಇಳಿಯಲಿಲ್ಲ.

ಅಂಗಳದಲ್ಲಿ ಚಾಪೆ ಹಾಸಿ ಮೀನು ಒಣಹಾಕಿತ್ತು. ಮುದುಕಿಯೊಬ್ಬಳು ಕೋಲು ಹಿಡಿದು, ಉಪ್ಪಿನ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು. ಉಮಾ ತಾನು ಯಾರೆಂದು ಹೇಳಿದಳು. ಸೀರೆಯ ವಿಷಯ ಹೇಳುವಾಗ ತಡವರಿಸಿದಳು. ತಿಮ್ಮಿ ಬಾಯಿ ತೆರೆದು ಕೇಳಿದಳು, ಆಮೇಲೆ ಕೋಲು ಕೆಳಗಿಟ್ಟು ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂತು.

"ಜೀವ ಇದ್ದವಳಿಗೆ ಪೂಜೆ ಮಾಡ್ದ್ರಾ! ವರ್ಷಕ್ಕೊಂದು ಹೊಸ ಸೀರೆ! ಅಯ್ಯ ನನ್ನಮ್ಮಾ, ನಮ್ಮವ್ವಿ ಹತ್ರ ಇದ್ದದ್ದೇ ಎರಡು. ಒಂದು ಒಣಗೂವರೆಗೆ ಇನ್ನೊಂದು. ಯಾರಾದ್ರೂ ತಂದ್ಕೊಟ್ಟಿದ್ರೆ ಬೇಡ ಅಂತಿತ್ತಾ?"

"ಆ ಮನೆ ಸುದ್ದಿ ಹೇಳ್ತಿದ್ರಾ?"

ತಿಮ್ಮಿ ಯೋಚಿಸಿದಳು. "ಬಾವಿ ನೀರು ಭಾರೀ ಸಿಹಿ ಅಂತಿತ್ತು. ಇಲ್ಲಿ ಬರೀ ಉಪ್ಪುನೀರು ಅಲ್ದಾ. ಮತ್ತೆಂತದೂ ಹೇಳ್ಲಿಲ್ಲ."

"ಮಹಾನವಮಿ ದಿನ ಏನು ಮಾಡ್ತಿದ್ರು?"

"ಎಂತ ಮಾಡೂದು? ಬುಟ್ಟಿ ಹೊತ್ಕಂಡು ಪೇಟೆಗೆ ಹೋಗೂದು. ಹಬ್ಬ ಅಂದ್ರೆ ಹೊಟ್ಟೆ ಕೇಳ್ತದಾ?"

ಉಮಾಗೆ ಕೇಳಬೇಕಾದದ್ದು ಇನ್ನೊಂದಿತ್ತು. ಬೇಲಿಯಾಚೆ ಕಾರು ಒಮ್ಮೆ ಹಾರ್ನ್ ಮಾಡಿತು. ಅವಳು ತಿಮ್ಮಿಯ ಎದುರು ನೆಲದ ಮೇಲೇ ಕೂತಳು.

"ತಿಮ್ಮಕ್ಕಾ, ನಿಮ್ಮ ಅವ್ವಿಗೆ... ಯಾರ ಮೇಲಾದ್ರೂ ಸಿಟ್ಟಿತ್ತಾ?"

"ಸಿಟ್ಟಾ?" ತಿಮ್ಮಿ ಹಣೆ ಸುಕ್ಕು ಮಾಡಿಕೊಂಡು ಅವಳನ್ನೇ ನೋಡಿದಳು. ಈ ಹೆಂಗಸು ಇಷ್ಟು ದೂರ ಬಂದದ್ದು ಇದಕ್ಕೇ ಎಂದು ಅವಳಿಗೆ ಹೊಳೆದಿರಬೇಕು. ಉತ್ತರ ನಿಧಾನವಾಗಿ ಬಂತು. "ಇತ್ತಪ್ಪ. ಕಾಗೆ ಮೇಲಿತ್ತು. ಸಾಯೂ ದಿನವೂ ಒಳಗೆ ಮಲಗಿದಲ್ಲಿಂದ್ಲೇ ಬೈತಿತ್ತು. ಮತ್ತೆ ಯಾರ ಮೇಲೂ ಇರ್ಲಿಲ್ಲ, ತಂಗಿ."

ಉಮಾ ತಲೆ ಬಗ್ಗಿಸಿದಳು. ತಿಮ್ಮಿ ಉಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ಭುಜ ಮುಟ್ಟಿದಳು. "ಕೂತ್ಕಣಿ. ಚಾ ಮಾಡ್ತೆ," ಎಂದು ಸೊಂಟ ಹಿಡಿದು ಎದ್ದಳು. "ಕಾಗೆ ನೋಡ್ಕಣಿ ಹಾಂಗೇ. ಹಳೇ ಬಲೆ ಇತ್ತು ಮೀನು ಮುಚ್ಚೂಕೆ, ಹರ್ದು ಹೋತು."

ಅವಳು ಒಳಗೆ ಹೋದದ್ದೇ ತಡ, ತೆಂಗಿನ ಗರಿಯಿಂದ ಎರಡು ಕಾಗೆಗಳು ಇಳಿದವು. ಉಮಾ ಕೋಲು ಬೀಸಿದಳು. ಅವು ಹಾರಿ, ಬೇಲಿಯ ಮೇಲೆ ಕೂತು, ಕುಪ್ಪಳಿಸುತ್ತ ಮತ್ತೆ ಹತ್ತಿರ ಬಂದವು. ಕಾರಿನ ಹಾರ್ನ್ ಈ ಸಲ ಉದ್ದಕ್ಕೆ ಕೂಗಿತು.

ಅವಳು ಚೀಲದಿಂದ ಸೀರೆ ತೆಗೆದಳು. ಮಡಿಕೆ ಬಿಚ್ಚಿದಾಗ ಕರ್ಪೂರದ ವಾಸನೆ ಒಮ್ಮೆ ಬಂದು ಮೀನಿನ ವಾಸನೆಯಲ್ಲಿ ಸೇರಿಹೋಯಿತು. ಒಂದು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಚಾಪೆಯ ಉದ್ದಕ್ಕೂ ಅದನ್ನು ಬಿಡಿಸಿ ಹಾಸಿದಳು. ಹೊಳೆಯ ಕಡೆಯಿಂದ ಗಾಳಿ ಬೀಸಿ ಹಸಿರು ಬಟ್ಟೆ ಉಬ್ಬಿ ಮೇಲೇಳತೊಡಗಿತು. ಉಮಾ ಬಗ್ಗಿ, ಅಂಗಳದಲ್ಲಿ ಕಲ್ಲು ಹುಡುಕತೊಡಗಿದಳು.