ಅತ್ತೆ ಮನೆ ಮೆಟ್ಟಿಲಿಗೆ ಹೊಡೆದ ಮೊಳೆ

ನನ್ನ ಅಳಿಯ ಸರ್ವೆಯರ್. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ಕೂರಿಸಿ, ಒಂದು ಕಣ್ಣು ಮುಚ್ಚಿಕೊಂಡು ಲೋಕ ನೋಡುವುದೇ ಅವನ ಕಸುಬು. ನನ್ನೆದುರು ಮಾತ್ರ ಎರಡು ಕಣ್ಣೂ ನೆಲಕ್ಕೆ. ಮನೆ ಅಳಿಯ ಬೇರೆ. "ಹೂಂ ಅತ್ತೆ", "ಆಯ್ತು ಅತ್ತೆ" ಬಿಟ್ಟರೆ ಮೂರನೇ ಮಾತು ಅವನ ಬಾಯಿಂದ ಕೇಳಿದವಳಲ್ಲ. ಇಂಥ ಸಪ್ಪೆಯನ್ನು ಮಗಳು ಎಲ್ಲಿಂದ ಹುಡುಕಿ ತಂದಳೋ.

ನಮ್ಮ ಬೀದಿ ಕಡಲಿಗೆ ಮಣ್ಣು ಸುರಿದು ಮಾಡಿದ್ದು. ಅದರ ಮಗ್ಗುಲಲ್ಲೇ ನೆಲದಡಿಯ ರೈಲು ನಿಲ್ದಾಣ ಕಟ್ಟಲು ಹೊರಟರು. ಮೊದಲು ಆಳದ ಕಂದಕ ತೋಡಿ, ಕಾಂಕ್ರೀಟ್ ಸುರಿದು, ನೆಲದೊಳಗೇ ಗೋಡೆ ಎಬ್ಬಿಸಬೇಕು. ಅದು ಮುಗಿಯುವವರೆಗೂ ಸುತ್ತಲಿನ ಮನೆಗಳು ಕುಸಿಯುತ್ತಿವೆಯೇ ಎಂದು ಅಳೆಯುತ್ತಲೂ ಇರಬೇಕು. ಆ ಕೆಲಸ ಅಳಿಯನ ಪಾಲಿಗೆ ಬಂತು. ಅಲ್ಲಾಡದ ಜಾಗದಲ್ಲೊಂದು ಮೊಳೆ ಹೊಡೆದು, ಉಳಿದದ್ದನ್ನೆಲ್ಲ ಅದರಿಂದ ಅಳೆಯಬೇಕಂತೆ. ದೂರದ ಗುಡ್ಡದ ಬಂಡೆಗೆ ಹೊಡೆಯಬೇಕಾದ ಮೊಳೆಯನ್ನು ಈ ಮಹಾಶಯ ನಮ್ಮ ಮನೆ ಮೆಟ್ಟಿಲಿಗೆ ಹೊಡೆದ. ಗುಡ್ಡದಲ್ಲಿ ಬಿಸಿಲು, ನಮ್ಮಲ್ಲಿ ಚಹಾ.

"ಈ ಬೀದೀಲಿ ಜಗ್ಗದೇ ಇರೋರು ಅಂದ್ರೆ ನಮ್ಮತ್ತೆ ಒಬ್ರೇ" ಎಂದು ಜೊತೆಯವರಿಗೆ ಹೇಳಿದ್ದನಂತೆ. ಮಗಳು ಬಂದು ಕಿವಿಯಲ್ಲಿ ಊದಿದಳು. ಸಿಟ್ಟು ಬಂತು, ಒಳಗೊಳಗೇ ಖುಷಿಯೂ ಆಯಿತು. ಗಂಡ ಸತ್ತ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ತುಳಿದು ಉಳಿಸಿಕೊಂಡ ಮನೆ ಅದು. ನನ್ನನ್ನು ಅಲ್ಲಿಂದ ಹೊರಡಿಸಬೇಕಾದರೆ ನಾಲ್ಕು ಜನ ಹೆಗಲು ಕೊಡಬೇಕು ಎಂದು ಎಲ್ಲರಿಗೂ ಸಾರಿಬಿಟ್ಟಿದ್ದೆ.

ಕಂದಕ ಆಳವಾಗುತ್ತ ಹೋಯಿತು. ಅಳಿಯನ ಲೆಕ್ಕದಲ್ಲಿ ಮಾತ್ರ ಬೀದಿ ಮೇಲೇಳುತ್ತಿತ್ತು. ಕ್ಷೌರದಂಗಡಿ ಎದ್ದಿತು, ಎದುರಿನ ಬೇಕರಿ ಇನ್ನಷ್ಟು ಎದ್ದಿತು. "ಹಿಟ್ಟಿಗೆ ಹಾಕೋ ಯೀಸ್ಟು ನೆಲಕ್ಕೂ ಸೋಕಿರ್ಬೇಕು" ಎಂದೆ. ಒಂದು ಮನೆಯೂ ಕುಸಿಯುತ್ತಿಲ್ಲವಲ್ಲ ಎಂದು ಗುತ್ತಿಗೆದಾರ ಹಿಗ್ಗಿದ.

ಕೊನೆಗೆ ಅಳಿಯನಿಗೇ ಅನುಮಾನ ಹತ್ತಿತು. ಒಂದು ಮಧ್ಯಾಹ್ನ ಗುಡ್ಡದ ಬಂಡೆಯಿಂದ ಅಳೆದುಕೊಂಡು ಬಂದವನು, ಕೊಟ್ಟ ಚಹಾ ಮುಟ್ಟದೆ ನಿಂತ.

"ಅತ್ತೆ, ಬೇಕರಿ ಏಳ್ತಿಲ್ಲ. ಮೊಳೆ ಸಮೇತ ನಾವೇ ಇಳೀತಿದ್ದೀವಿ."

"ಅಂದ್ರೆ?"

"ಕೆಲಸ ಹೀಗೇ ನಡೆದ್ರೆ ನಮ್ಮ ಹಿಂದಿನ ಗೋಡೆ ಬೀಳುತ್ತೆ. ನಿಲ್ಸಿ ಅಂತ ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಮನೇನೂ ಖಾಲಿ ಮಾಡ್ಬೇಕಾಗುತ್ತೆ."

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. "ಬಾಯಿ ಮುಚ್ಕೊಂಡಿರು. ನಿನ್ನ ಸಂಬಳಾನೂ ಉಳಿಯುತ್ತೆ, ನನ್ನ ಮನೇನೂ ಉಳಿಯುತ್ತೆ. ಅದು ನನ್ನ ಗಂಡ ಕಟ್ಟಿಸಿದ ಗೋಡೆ, ಅಷ್ಟು ಸುಲಭಕ್ಕೆ ಬೀಳಲ್ಲ."

"ಆಯ್ತು ಅತ್ತೆ" ಬರುತ್ತದೆಂದು ಕಾದೆ. ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸೀದಾ ಕಂದಕದ ಕಡೆಗೆ ನಡೆದ. ಕತ್ತಿನಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ನಾನು ಹಿಂದೆಯೇ ಓಡಿದೆ. ಅಷ್ಟರಲ್ಲಿ ಅವನು ಗುತ್ತಿಗೆದಾರನ ಮುಂದೆ ನಿಂತು, ಯಂತ್ರಗಳ ಗದ್ದಲಕ್ಕಿಂತ ಜೋರಾಗಿ ಹೇಳುತ್ತಿದ್ದ.

"ಮೊಳೆ ತಪ್ಪು ಜಾಗಕ್ಕೆ ಹೊಡೆದೆ, ತಪ್ಪು ನಂದೇ. ತೋಡೋದು ನಿಲ್ಸಿ. ಆ ಗೋಡೆ ಪಕ್ಕಾನೇ ನಮ್ಮತ್ತೆ ಮಲಗೋದು."

ಬೈಯುವುದರಲ್ಲಿ ನಾನೇನೂ ಕಮ್ಮಿಯವಳಲ್ಲ, ಆದರೂ ಅವತ್ತು ಗುತ್ತಿಗೆದಾರನಿಂದ ಒಂದಿಷ್ಟು ಹೊಸದು ಕಲಿತೆ. ಅಳಿಯ ತಲೆ ತಗ್ಗಿಸಲಿಲ್ಲ. ಯಂತ್ರ ನಿಂತಿತು, ಅವನ ಕೆಲಸವೂ ಹೋಯಿತು, ಮನೆ ಅಪಾಯದಲ್ಲಿದೆ, ಖಾಲಿ ಮಾಡಿ ಎಂದು ನಮಗೂ ಹೇಳಿದರು.

ಕೋಪಕ್ಕೆ ನಾನು ಅವನ ಮುಖ ನೋಡುವುದನ್ನೇ ಬಿಟ್ಟೆ. ಸಾಮಾನು ಸಾಗಿಸಲು ಲಾರಿ ಬಂದಾಗಲೂ ಮಾತಿಲ್ಲ. ಡ್ರೈವರ್ ಒಳಗೆ ಇಣುಕಿ, "ಮೊದಲು ಏನು ಹತ್ತಿಸ್ಲಿ ಅಮ್ಮ?" ಎಂದ. ಈಗ ಇವಳು ಬಾಗಿಲಿಗೆ ಅಡ್ಡ ಬೀಳುತ್ತಾಳೆ ಎಂದು ಬೀದಿಗೆ ಬೀದಿಯೇ ಕಾದು ನಿಂತಿತ್ತು.

"ನನ್ನನ್ನೇನು ಕೇಳ್ತೀಯಪ್ಪ?" ಎಂದು ಅಳಿಯನ ಕಡೆಗೆ ಕೈ ತೋರಿಸಿದೆ. "ಮನೆ ಯಜಮಾನರು ಅಲ್ಲಿ ನಿಂತಿದ್ದಾರೆ, ಅವರನ್ನ ಕೇಳು."